ಹತ್ತೂ ಬೋಲ್ಟು ಹೊಸದು

ಸ್ಕೂಟರಿನ ಕನ್ನಡಿಗೆಂದು ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಉಪನ್ಯಾಸಕಿಯ ಕಿವಿಗೆ ಮುಂದಿದ್ದ ಅಪ್ಪ-ಮಗಳ ಮಾತು ಬಿತ್ತು. ಇಬ್ಬರಿಗೂ ಮೊಣಕೈವರೆಗೆ ಗ್ರೀಸು.

"ಅಪ್ಪಾ, ಸಂಜೆಯೊಳಗೆ ಜೀಪು ಓಡದಿದ್ರೆ ಅಮ್ಮ ಗುಜರಿಯವನನ್ನ ಕರೆಸ್ತಾಳಂತೆ!"

"ಓಡುತ್ತೆ ಬಿಡು. ಹಿಂದಿನ ಚಕ್ರ ತಿರುಗಿಸೋ ಡಿಫರೆನ್ಶಿಯಲ್‌ನಲ್ಲಿ ಇರೋ ಹತ್ತರಲ್ಲಿ ಮುರಿದಿರೋದು ಮೂರೇ ಬೋಲ್ಟು. ಮೂರು ತಗೊಂಡ್ರೆ ಸಾಕು."

"ಹೋದ ಸಲಾನೂ ಮುರಿದದ್ದಷ್ಟೇ ಬದಲಾಯಿಸಿ, ಉಳಿದವು ಗಟ್ಟಿಮುಟ್ಟಾಗಿವೆ ಅಂದ್ರಿ. ಈಗ ಮುರಿದಿರೋದು ಆ ಗಟ್ಟಿಮುಟ್ಟಾದವೇ!"

ಅಪ್ಪ ಹಣೆ ಒರೆಸಿಕೊಂಡರು. ಅಲ್ಲಿಗೂ ಗ್ರೀಸು ಮೆತ್ತಿತು.

"ಅಮ್ಮನ ಹತ್ರ ಹೇಳ್ಬೇಡ."

"ಹೇಳಲ್ಲ. ಆದ್ರೆ ಹತ್ತೂ ಹೊಸದು. ಬಿಗಿಯೋದು ನಾನು."

"ಆಯ್ತು ತಾಯಿ! ಅಣ್ಣಾ, ಹತ್ತು ಕೊಡಿ, ಬೇಗ!"

ಉಪನ್ಯಾಸಕಿಗೂ ಗಡಿಯಾರ ನೋಡುವಂತಾಯಿತು. ಪೊಟ್ಟಣ ಕೈಗೆ ಬಂದದ್ದೇ ತಡ, ಇಬ್ಬರೂ ಬೀದಿಗೆ ಓಡಿದರು.

"ಅಷ್ಟರಲ್ಲಿ ಗುಜರಿಯವನು ಬಂದ್ಬಿಟ್ರೆ?"

"ಅವನನ್ನೂ ಕೂರಿಸ್ಕೊಂಡು ಒಂದು ಸುತ್ತು ಹೊಡೆಯೋಣ, ಬಾ!"