ಮಗಳು ಬಿಟ್ಟುಹೋದ ಕಾದಂಬರಿ

ಹುಮನಾಬಾದ್ ನಿಲ್ದಾಣದಲ್ಲಿ ನಿರ್ಣಾ ಬಸ್ಸಿಗೆ ಕಾಯುತ್ತಿದ್ದ ಗುರುಶಾಂತನ ಕಿವಿ, ಬೇಡವೆಂದರೂ ಪಕ್ಕದ ಇಬ್ಬರು ಹೆಂಗಸರ ಮಾತಿನ ಕಡೆಗೇ ಹೋಯಿತು. ಒಬ್ಬಾಕೆಯ ಮಡಿಲಲ್ಲಿ ದಪ್ಪನೆಯ ಕಾದಂಬರಿಯಿತ್ತು.

“ಸಖುಬಾಯಿ, ಇದು ನನ್ನ ಮಗಳು ಸ್ನೇಹಲ್ ಬಿಟ್ಟುಹೋದ ಪುಸ್ತಕ. ದಿನಾ ಹತ್ತು ಪುಟ ಓದಾಕತ್ತೀನಿ.”

“ನಾನೂ ಓದೀನಿ, ಸುಂದರಬಾಯಿ. ವರ್ಷಕ್ಕ ಹನ್ನೆರಡು ಕಾದಂಬರಿ ಓದಬೇಕಂತ ಹಟ ನಂದು. ಇದೊಂದು ನಿದ್ದಿ ಕೆಡಿಸ್ತು. ನೀ ಎಲ್ಲಿಗೆ ಬಂದಿ?”

“ಆ ಹುಡುಗಿ ಗಂಡನ ಮನಿ ಬಿಟ್ಟು ತವರಿಗೆ ಬರ್ತಾಳಲ್ಲ, ಅವ್ವ ‘ಹೊಂದಕೊಂಡ ಹೋಗು’ ಅಂತ ತಿರುಗಿ ಕಳಸ್ತಾಳಲ್ಲ, ಅಲ್ಲಿಗೆ. ಆ ಪುಟ ಸ್ನೇಹಲ್ ಮಡಚಿಟ್ಟಾಳ.”

“ನೀ ಸ್ನೇಹಲ್‌ಗ ಏನಂದು ಕಳಿಸಿದ್ದಿ?”

“ಅದನ್ನೇ.”

ಸಖುಬಾಯಿ ಕೈ ಚಾಚಿ ಪುಸ್ತಕ ಮುಚ್ಚಿದಳು. ಸುಂದರಬಾಯಿ ಆ ಕೈ ಹಿಡಿದುಕೊಂಡಳು.

“ಮುಂದ ಏನಾಗ್ತದ ಹೇಳು. ನಿನ್ನಿಯಿಂದ ಆಕಿ ಫೋನ್ ಎತ್ತವಲ್ಲಳು.”

“ಮುಂದಿಂದು ಓದಬ್ಯಾಡ. ಸ್ನೇಹಲ್ ಗಂಡನ ಊರು ಕಲ್ಯಾಣದ ಬಸ್ ನಿಂತದ, ಏಳು.”

“ಹೇಳದ ಕೇಳದ ಬೀಗರ ಮನಿಗೆ ಹ್ಯಾಂಗ ಹೋಗೂದು?”

“ಬೀಗರ ಮನಿಗಲ್ಲ. ಮಗಳ ಕಡೆ ಹೊಂಟೀವಿ.”

ಇಬ್ಬರೂ ಸೆರಗು ಬಿಗಿದು ಓಡಿದರು. ಪುಸ್ತಕ ಬೆಂಚಿನ ಮೇಲೇ ಉಳಿಯಿತು. ಗುರುಶಾಂತ ಅದನ್ನು ಎತ್ತಿಕೊಂಡು ಕೂಗಲು ಬಾಯಿ ತೆರೆದ. ಕೂಗಿದರೆ ಅವರಿಗೆ ಬಸ್ಸು ತಪ್ಪೀತೆಂದು ಸುಮ್ಮನಾದ.