ನಕ್ಷೆಯವರ ಮನೆ ಬಾಗಿಲು ಮುರಿದ ಬಗ್ಗೆ

ಪೇಟೆಯಲ್ಲಿ ನನ್ನನ್ನು ಎಲ್ಲರೂ ಸ್ಕ್ರೂ ಅಕ್ಕ ಎಂದೇ ಕರೆಯುತ್ತಾರೆ. ವಯಸ್ಸು ನಲವತ್ತಮೂರು, ಕಸುಬು ಕಂಪ್ಯೂಟರ್ ರಿಪೇರಿ, ವಾಸ ಗಡಿಯಾರದ ಅಂಗಡಿಯ ಮೇಲಿನ ಕೋಣೆ, ಒಬ್ಬಳೇ. ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವ ಒಬ್ಬರು ಹೋದ ಬೇಸಿಗೆಯಲ್ಲಿ ನನ್ನನ್ನು ಕರೆಸಿದರು. ಅವರ ಹೆಂಡತಿ ತೀರಿಕೊಂಡಿದ್ದರು. ಆಕೆಯ ಫೋಟೊಗಳನ್ನು ಕೆಲಸದ ಫೈಲುಗಳ ಜೊತೆ ಬೆರೆಸಲು ಮನಸ್ಸಿಲ್ಲ, ಕಂಪ್ಯೂಟರಿಗೆ ಇನ್ನೊಂದು ಡ್ರೈವ್ ಹಾಕಿಕೊಡಿ ಎಂದರು. ನಾನು ಕರೆಂಟ್ ತೆಗೆದು, ಪಕ್ಕದ ತಗಡು ಬಿಚ್ಚಿ, ಹಳೆಯ ಡ್ರೈವಿನ ಕೆಳಗಿನ ಗೂಡಿನಲ್ಲಿ ಹೊಸದನ್ನು ಕೂರಿಸಿ ಸ್ಕ್ರೂ ಬಿಗಿದೆ. ಒಂದು ಕೇಬಲ್ ಮದರ್‌ಬೋರ್ಡಿಗೆ, ಇನ್ನೊಂದು ಪವರ್ ಸಪ್ಲೈಗೆ. ಫಾರ್ಮ್ಯಾಟ್ ಮಾಡಿ, ಫೋಟೊಗಳನ್ನು ಅದಕ್ಕೆ ಸಾಗಿಸಿ ಬಂದೆ.

ಮುಂದಿನ ಬುಧವಾರ, ಡ್ರೈವ್ ಕಾಣಿಸುತ್ತಿಲ್ಲವೆಂದು ಫೋನ್ ಮಾಡಿದರು. ಹೋಗಿ ನೋಡಿದರೆ ಡೇಟಾ ಕೇಬಲ್ ಕಳಚಿತ್ತು. ನಾಚಿಕೆಯಾಗಿ, ಕ್ಲಿಪ್ ಇರುವ ಕೇಬಲ್ ಹಾಕಿದೆ. ಆ ಕ್ಲಿಪ್ಪನ್ನು ಬೆರಳಿನಿಂದ ಒತ್ತದೆ ಕೇಬಲ್ ಬರುವುದಿಲ್ಲ. ಅದರ ಮುಂದಿನ ಬುಧವಾರ ಅದೂ ಕಳಚಿತ್ತು. ತಗಡಿನ ಸ್ಕ್ರೂಗಳ ಮೇಲೆ ಚಾಕು ಜಾರಿದ ಗೀರುಗಳಿದ್ದವು. ಟೀಯನ್ನು ಆಗಲೇ ಎರಡು ಲೋಟಕ್ಕೆ ಬಗ್ಗಿಸಿಟ್ಟಿದ್ದರು. ಕೇಬಲ್ ಸಿಕ್ಕಿಸಿ, ಟೀ ಕುಡಿದು, ಫೋಟೊ ನೋಡಿ ಬಂದೆ. ಆಮೇಲೆ ಪ್ರತಿ ವಾರ ಹೀಗೆಯೇ ನಡೆಯಿತು. ಬುಧವಾರ ನಾನು ಬೇರೆ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಇದನ್ನು ಯಾರೂ ಕೇಳಿಲ್ಲವಾದರೂ ಹೇಳುತ್ತಿದ್ದೇನೆ.

ಮೊನ್ನೆ ಬುಧವಾರ ಫೋನ್ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ನಾನೇ ಮಾಡಿದೆ. ಎತ್ತಲಿಲ್ಲ. ಹೋದೆ. ಹಾಡುಹಗಲಲ್ಲಿ ಒಳಗೆ ದೀಪ ಉರಿಯುತ್ತಿತ್ತು. ಕೆಳಗಿನ ಇಸ್ತ್ರಿ ಅಂಗಡಿಯವರು, ಎಲ್ಲೋ ಹೋಗಿರ್ತಾರೆ ಬಿಡಕ್ಕಾ, ನಿನಗ್ಯಾಕೆ ಊರ ಉಸಾಬರಿ ಎಂದರು. ಅವರು ಎಲ್ಲಿಗೂ ಹೋಗುವವರಲ್ಲವೆಂದು ಹೇಳಿ, ದೊಡ್ಡ ಸ್ಕ್ರೂಡ್ರೈವರನ್ನು ಬಾಗಿಲಿನ ಸಂದಿಗೆ ತೂರಿಸಿ ಮೀಟಿದೆ. ಇಸ್ತ್ರಿಯವರು ಬೈಯುತ್ತಲೇ ಹೆಗಲು ಕೊಟ್ಟರು. ಚಿಲಕ ಕಿತ್ತು ಬಂತು.

ನಕ್ಷೆಯವರು ಅಡುಗೆಮನೆಯ ನೆಲದ ಮೇಲಿದ್ದರು. ಹಿಂದಿನ ಸಂಜೆ ಜಾರಿ ಬಿದ್ದು ಸೊಂಟ ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ನೀರು ಕುಡಿಸಿದೆ. ನನ್ನನ್ನು ಗುರುತು ಹಿಡಿದು, “ಕೇಬಲ್ಲು ಸರಿಯಾಗೇ ಇದೆ ಕಣಮ್ಮಾ, ಈ ಸಲ ನಾನು ಕಿತ್ತಿಲ್ಲ” ಎಂದರು. ಗೊತ್ತು, ಮಾತಾಡಬೇಡಿ ಎಂದೆ. ಆಂಬುಲೆನ್ಸ್ ಬರುವತನಕ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಗುರುತಿಲ್ಲದ ಹೆಂಗಸು ಬಾಗಿಲು ಮುರಿದು ನುಗ್ಗಿದಳೆಂದು ಅವರ ತಮ್ಮ ದೂರು ಕೊಟ್ಟಿದ್ದಾರೆ. ಮುರಿದದ್ದು ನಿಜ. ಅಲ್ಲಿಂದ ಒಂದು ಕಡ್ಡಿಯನ್ನೂ ತಂದಿಲ್ಲ.

ಅವರಿಗೂ ನನಗೂ ಏನು ಸಂಬಂಧವೆಂದು ತಾವು ಕೇಳಿದಿರಿ. ರಿಪೇರಿಯವಳು ಎಂದೆ. ದಯವಿಟ್ಟು ಅದನ್ನು ಹೊಡೆದುಹಾಕಿ. ನಿನ್ನೆ ಆಪರೇಷನ್ ಮುಗಿದ ಮೇಲೆ ನರ್ಸ್ ಹೊರಗೆ ಬಂದು, ಪೇಷಂಟ್ ಕಡೆಯವರು ಯಾರು ಎಂದು ಕೂಗಿದರು. ಎದ್ದು ನಿಂತವಳು ನಾನೊಬ್ಬಳೇ. ಅದನ್ನು ಬರೆದುಕೊಳ್ಳಿ.

ಇಷ್ಟನ್ನು ನಾನೇ ಹೇಳಿ ಬರೆಸಿ, ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೇಟೆ ಠಾಣೆ
ದಿನ: ಶುಕ್ರವಾರ
ಸಹಿ: ಸ್ಕ್ರೂ ಅಕ್ಕ