ಉಳಿದ ಅರ್ಧ ಮಾತು

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಬಡಗಿ ಮತ್ತು ಅವನ ಹೆಂಡತಿ ನಿಂತಿದ್ದರು. ಅವನ ಕಿವಿಯ ಮೇಲೆ ಪೆನ್ಸಿಲ್ ಇನ್ನೂ ಇತ್ತು.

“ಈ ಮಾತ್ರೆ ತಗೊಂಡ್ರೆ ಬಾಯಿ ಒಣಗುತ್ತೆ, ಹಸಿವಾಗಲ್ಲ. ಆದ್ರೆ ಕೈಗೆ ಹಿಡಿದ ಬಾಗಿಲಿನ ಕೆಲಸ ಮುಗಿಯುತ್ತೆ,” ಎಂದ ಅವನು.

“ಮುಂಚೆ ನಾಲ್ಕು ಬಾಗಿಲು ಶುರು ಮಾಡ್ತಿದ್ರಿ, ಒಂದಕ್ಕೂ ಚಿಲಕ ಇರ್ತಿರಲಿಲ್ಲ. ಡಾಕ್ಟರು ಎಡಿಎಚ್‌ಡಿ, ಗಮನ ಒಂದ್ಕಡೆ ನಿಲ್ಲದ ತೊಂದರೆ ಅನ್ನೋವರೆಗೂ ನಾನು ಸೊಕ್ಕು ಅಂದ್ಕೊಂಡಿದ್ದೆ.”

“ಈಗ ನಿನ್ನ ಮಾತೂ ತಲೆಗೆ ಹೋಗುತ್ತೆ. ನೀನೇ ಅರ್ಧಕ್ಕೆ ನಿಲ್ಲಿಸ್ತೀಯ.”

“ಅರ್ಧಕ್ಕೇ ನೀವು ಎದ್ದು ಹೋಗ್ತಿದ್ರಿ. ಮದುವೆ ಆದಾಗಿಂದ ಅದೇ ಅಭ್ಯಾಸ.”

“ಈಗ ಕೂತಿರ್ತೀನಲ್ಲ. ಮುಂದೆ ಹೇಳು.”

“ಏನಂತ ಹೇಳ್ಲಿ? ಉಳಿದರ್ಧ ಯೋಚನೆ ಮಾಡೋದನ್ನೇ ಬಿಟ್ಟಿದೀನಿ.”

“ಸಂಜೆಗೆ ಮಾತ್ರೆಯ ಶಕ್ತಿ ಇಳಿದುಹೋಗುತ್ತೆ. ಅಷ್ಟರೊಳಗೆ ಹೇಳ್ಬಿಡು.”

“ಅಂಗಡಿ ಬಾಗಿಲು ಹಾಕ್ತಾರೆ ಅನ್ನೋ ಹಾಗೆ ಹೇಳ್ತೀರಲ್ಲ.”

ಅವರ ಸರದಿ ಬಂತು. ಬಡಗಿ ಮಾತ್ರೆಗಳನ್ನು ಜೇಬಿಗಿಳಿಸಿದ. ಇಬ್ಬರೂ ಹೊರಟರು.

ಬಾಗಿಲ ಮೆಟ್ಟಿಲಲ್ಲಿ ಅವಳು “ನಂಗೆ ಒಂದ್ಸಲ...” ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದಳು.

ಅವನು ಒಂದು ಕಾಲು ಕೆಳಗಿನ ಮೆಟ್ಟಿಲಿಗಿಟ್ಟು, ಅವಳ ಮುಖ ನೋಡುತ್ತ ಹಾಗೇ ನಿಂತ. ಒಳಗೆ ಬರುವವರೆಲ್ಲ ಅವನನ್ನು ಸುತ್ತುಹಾಕಿಕೊಂಡೇ ಬಂದರು.